ಗಿಡ ಏನು ತಿನ್ನುತ್ತದೆ? ಮಕ್ಕಳ ಜೊತೆ 40 ಸಸಿ ಬೆಳೆಸಿದ ಒಂದು ವರ್ಷ

ಮೊನ್ನೆ ಬೇಸಿಗೆ ರಜೆ ಮುಗಿದು ಶಾಲೆ ಶುರುವಾಯಿತು. ಪ್ರಾರ್ಥನೆ ಆದ ಮೇಲೆ ಮಕ್ಕಳೆಲ್ಲ ಸೇರಿ ಸಸಿ ಎಣಿಸಿದೆವು. 27 ಇವೆ. ಹೋದ ವರ್ಷ ಜುಲೈನಲ್ಲಿ ನೆಟ್ಟದ್ದು 40. ಸತ್ತುಹೋದ 13 ಸಸಿಗಳ ಬಗ್ಗೆ ನನಗೆ ಇನ್ನೂ ಸಂಕಟವಿದೆ. ಹೇಗೆ ಹೋದವು ಅಂತ ಒಂದೊಂದನ್ನೂ ಮಕ್ಕಳು ಹೇಳಬಲ್ಲರು. ನಾನೂ ಹೇಳಬಲ್ಲೆ. ಈ ಮಳೆಗಾಲದಲ್ಲಿ ತಮ್ಮ ಶಾಲೆಯಲ್ಲಿ ಸಸಿ ನೆಡಲು ಹೊರಟಿರುವ ಶಿಕ್ಷಕರಿಗೆ ಸಹಾಯವಾಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಂಡಿ ಅಂದರೆ ಲಿಂಬೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಮನೆಯಲ್ಲಿ ಲಿಂಬೆ ತೋಟವೋ ದಾಳಿಂಬೆಯೋ ಇದೆ. ಮಣ್ಣು ಕಪ್ಪು ಎರೆ. ಮಳೆ ಕಡಿಮೆ. ಬಂದರೂ ಹೆಚ್ಚಿನದು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಇನ್ನೊಂದು ಮಾತು. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುವುದು. ಬೇವಿನ ಗಿಡ, ಆಲದ ಗಿಡ. ಹಾಗಾಗಿ ಇಲ್ಲಿ ಗಿಡ ಅಂದರೆ ಮರವೂ ಹೌದು.

ಹೋದ ಮೇ ಕೊನೆಯಲ್ಲಿ, ಸಸಿ ಕೊಡುವ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಮುಖ್ಯ ಗುರುಗಳ ಸಹಿ ಇರುವ ಒಂದು ಪತ್ರ ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಮೊದಲ ಸಲ ಹೋದಾಗ ಎಸ್‌ಡಿಎಂಸಿ ಠರಾವು ತನ್ನಿ ಅಂದರು. ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ನಿರ್ಣಯ. ಸಭೆ ಕರೆದು, ಠರಾವು ಮಾಡಿಸಿ, ಎಂಟು ದಿನದ ಮೇಲೆ ಮತ್ತೆ ಹೋದೆ. ಆಗ ಶಾಲೆ ಜಾಗದ ಉತಾರ, ಅಂದರೆ ಜಾಗ ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ ಕೇಳಿದರು. ಒಂದೇ ಸಲಕ್ಕೆ ಹೇಳಿದ್ದರೆ ಒಂದು ದಿನದ ರಜೆ ಉಳಿಯುತ್ತಿತ್ತು.

ಉತಾರ ತೆಗೆಸಿದಾಗ ನಿಜವಾದ ತೊಡಕು ಕಂಡಿತು. ಶಾಲೆಯ ಹಿಂದಿನ ಜಾಗ ಇನ್ನೂ ದಾನ ಕೊಟ್ಟವರ ಹೆಸರಿನಲ್ಲೇ ಇತ್ತು. ಬಾಯಿಮಾತಿನಲ್ಲಿ ಕೊಟ್ಟಿದ್ದ ಜಾಗ. ಹಳ್ಳಿ ಶಾಲೆಗಳಲ್ಲಿ ಇದು ಹೊಸದೇನಲ್ಲ, ಆದರೆ ನನಗೆ ಗೊತ್ತಿರಲಿಲ್ಲ. ಅವರ ಮೊಮ್ಮಗನ ಮನೆಗೆ ಹೋದೆವು. ಅವರು ಚಹಾ ಕುಡಿಸಿ, ಅಲ್ಲೇ ಕೂತು ಒಪ್ಪಿಗೆ ಪತ್ರ ಬರೆದುಕೊಟ್ಟರು. "ನಮ್ಮ ಅಜ್ಜನ ಹೆಸರಿಲೆ ಒಂದು ಗಿಡ ಹಚ್ಚರಿ, ಸಾಕು" ಅಂದರು. ಮೂರನೇ ಸಲ ಹೋದಾಗ ಕೆಲಸ ಆಯಿತು. ಒಟ್ಟು 17 ದಿನ.

ನೀವು ಹೋಗುವುದಾದರೆ ಮೊದಲ ದಿನವೇ ಪತ್ರ, ಠರಾವಿನ ನಕಲು, ಉತಾರ, ಯಾವ ಜಾತಿಯ ಎಷ್ಟು ಸಸಿ ಬೇಕು ಅನ್ನುವ ಪಟ್ಟಿ, ಜಾಗದ ಫೋಟೋ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಒಯ್ಯಿರಿ. ಪಟ್ಟಿ ಕೊಡದಿದ್ದರೆ ನರ್ಸರಿಯಲ್ಲಿ ಏನು ಉಳಿದಿದೆಯೋ ಅದೇ ಸಿಗುತ್ತದೆ. ಸಸಿಯ ಚೀಲದ ಅಳತೆಯನ್ನೂ ಬರೆಯಿರಿ. ಚಿಕ್ಕ ಚೀಲದ ಸಸಿ ಅಗ್ಗ, ಆದರೆ ನಮ್ಮ ಬಿಸಿಲಿಗೆ ಅದು ತಡೆಯುವುದಿಲ್ಲ. ಮಕ್ಕಳ ಎದೆಮಟ್ಟಕ್ಕೆ ಬರುವ ಸಸಿ ಕೇಳಿ ತನ್ನಿ.

ಆ 17 ದಿನ ಸುಮ್ನೆ ಹೋಗಲಿಲ್ಲ. ಕಾಯುತ್ತಿದ್ದಾಗಲೇ ನನಗೆ ಪಾಠ ಸಿಕ್ಕಿತು.

ಶಾಲೆ ಶುರುವಾದ ಮೊದಲ ವಾರ ಆರನೇ ತರಗತಿಯಲ್ಲಿ ಕೇಳಿದೆ: "ಗಿಡ ಏನ್ ತಿಂತೈತಿ?"

"ಮಣ್ಣು ತಿಂತೈತ್ರಿ ಅಕ್ಕೋರ." "ಗೊಬ್ಬರ ತಿಂತೈತ್ರಿ." "ನೀರು ಕುಡಿತೈತ್ರಿ."

ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಇದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಮನಸ್ಸಿನಲ್ಲಿ ಗಿಡ ಮಣ್ಣು ತಿಂದೇ ಬೆಳೆಯುತ್ತದೆ. ನಾನು ಉತ್ತರ ಹೇಳುವ ಮೊದಲೇ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. "ಅಕ್ಕೋರ, ಗುಡಿ ಮುಂದಿನ ಆಲದ ಗಿಡ ಅಷ್ಟ ದೊಡ್ಡದೈತಿ. ಮಣ್ಣು ತಿಂದಿದ್ರ ಅದರ ಬುಡಕ್ಕ ತೆಗ್ಗ ಬೀಳಬೇಕಿತ್ತಲ್ರಿ?"

ನಾನು ಪುಸ್ತಕ ಮುಚ್ಚಿದೆ. ಹನ್ನೊಂದು ವರ್ಷದ ನೌಕರಿಯಲ್ಲಿ ಇಷ್ಟು ಚೆಂದದ ಪ್ರಶ್ನೆ ನಾನು ಕೇಳಿರಲಿಲ್ಲ.

ಸುಮಾರು 400 ವರ್ಷದ ಹಿಂದೆ, ಈಗಿನ ಬೆಲ್ಜಿಯಂ ಇರುವ ಕಡೆ, ವಾನ್ ಹೆಲ್ಮಾಂಟ್ ಅನ್ನುವವರಿಗೆ ಇದೇ ಪ್ರಶ್ನೆ ಬಂದಿತ್ತು. ಅವರು ಸುಮಾರು 90 ಕಿಲೋ ಒಣಮಣ್ಣು ತೂಗಿ ಕುಂಡಕ್ಕೆ ಹಾಕಿದರು. ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ತೂಕದ ಒಂದು ವಿಲೋ ಸಸಿ ನೆಟ್ಟರು. ಐದು ವರ್ಷ ಬರೀ ನೀರು ಹಾಕಿದರು. ಗಿಡ ಹೆಚ್ಚುಕಡಿಮೆ 76 ಕಿಲೋ ಆಯಿತು. ಮಣ್ಣು ಕಡಿಮೆಯಾದದ್ದು 60 ಗ್ರಾಮೂ ಇಲ್ಲ. ನೀರೇ ಗಿಡವಾಯಿತು ಅಂತ ಅವರು ತಿಳಿದರು. ಅದು ಅರ್ಧ ಮಾತ್ರ ಸರಿ. ಗಾಳಿಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗಿಡ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ತಗೊಂಡು, ನೀರು ಸೇರಿಸಿ, ಬಿಸಿಲಿನ ಬಲದಿಂದ ಎಲೆಯಲ್ಲಿ ಸಕ್ಕರೆ ಮಾಡುತ್ತದೆ. ಕಟ್ಟಿಗೆಯೆಲ್ಲ ಆ ಸಕ್ಕರೆಯಿಂದಲೇ ಆದದ್ದು. ಮಣ್ಣಿನಿಂದ ಬರುವುದು ಸ್ವಲ್ಪ ಲವಣ, ನಮ್ಮ ಅಡುಗೆಗೆ ಉಪ್ಪು ಇದ್ದ ಹಾಗೆ. ಬೇಕೇ ಬೇಕು, ಆದರೆ ಊಟ ಅದಲ್ಲ.

ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ. ಗಾಳಿ ಹೇಗೆ ಕಟ್ಟಿಗೆ ಆಗುತ್ತದೆ? ಅದಕ್ಕೆ ಒಂದು ಬಕೆಟ್‌ನಲ್ಲಿ ಒಣಗಿಸಿದ ಮಣ್ಣು ತುಂಬಿ, ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಗೋವಿನಜೋಳ ಬಿತ್ತಿದೆವು. ಎರಡೂವರೆ ತಿಂಗಳಿಗೆ ಗಿಡ ಕಿತ್ತು, ಬೇರಿನ ಮಣ್ಣು ಉದುರಿಸಿ, ಮಣ್ಣನ್ನು ನಾಲ್ಕು ದಿನ ಬಿಸಿಲಿಗೆ ಒಣಗಿಸಿ ಮತ್ತೆ ತೂಗಿಸಿದೆವು. ಅದೇ ತಕ್ಕಡಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆ ದಿನ ಅಂಗಡಿಯವರೂ ನಮ್ಮ ಜೊತೆ ಕೂತು ನೋಡಿದರು.

ಇನ್ನೊಂದು ಪ್ರಯೋಗಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ 11ಕ್ಕೆ, ಬಿಸಿಲಿಗೆ ಬಿದ್ದ ಬೇವಿನ ಒಂದು ಟೊಂಗೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿದು ಕಟ್ಟಿ. ಮೂರು ಗಂಟೆಗೆ ಚೀಲದ ಮೂಲೆಯಲ್ಲಿ ಕೆಲವು ಚಮಚ ನೀರು ನಿಂತಿರುತ್ತದೆ. ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಹೊರಬಂದ ನೀರು ಅದು. ನಮ್ಮೂರ ಬೋರ್‌ವೆಲ್‌ಗೆ ಕರೆಂಟ್ ಬೇಕು. ಬೇವಿಗೆ ಬೇಡ. ಎಲೆಯಿಂದ ನೀರು ಆರಿದಂತೆ ಕೆಳಗಿನ ನೀರು ಕೂದಲಿನಂಥ ನಾಳಗಳಲ್ಲಿ ಎಳೆದುಕೊಂಡು ಮೇಲೆ ಬರುತ್ತದೆ. ಚೀಲವನ್ನು ಅದೇ ದಿನ ತೆಗೆಯಿರಿ. ಬಿಟ್ಟರೆ ಒಳಗಿನ ಎಲೆ ಬೆಂದುಹೋಗುತ್ತದೆ.

ಜುಲೈ ಮೊದಲ ವಾರ ವನಮಹೋತ್ಸವ. 1950ರಿಂದ ದೇಶದಲ್ಲಿ ನಡೆದುಬಂದಿರುವ ಹಬ್ಬ. ಆದರೆ ನಮ್ಮಲ್ಲಿ ಆ ವಾರ ಮಳೆ ಇರಲಿಲ್ಲ. ಸಸಿ ಬಂದಿದ್ದವು, ಎಲ್ಲರೂ ಇವತ್ತೇ ನೆಟ್ಟು ಫೋಟೋ ತೆಗೆಯೋಣ ಅಂದರು. ನಾನು ಒಪ್ಪಲಿಲ್ಲ. ಬೇವಿನ ನೆರಳಿನಲ್ಲಿ ಸಸಿ ಇಟ್ಟು ಹದಿನೈದು ದಿನ ಕಾದೆವು. ಒಂದು ಒಳ್ಳೆಯ ಮಳೆ ಬಿದ್ದ ಮೇಲೆ ನೆಟ್ಟೆವು. ಆ ಕಾಯುವಿಕೆ ಸರಿಯಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಮಗೆ 40 ಸಸಿ ಜಾಸ್ತಿಯಾಯಿತು. ಮಕ್ಕಳಿಗೆ ಸಾಲುಮರದ ತಿಮ್ಮಕ್ಕನವರ ಬಗ್ಗೆ ಹೇಳುತ್ತಿದ್ದೆ. ಹುಲಿಕಲ್‌ನಿಂದ ಕುದೂರಿನವರೆಗೆ 385 ಆಲದ ಮರ, 2019ರಲ್ಲಿ ಪದ್ಮಶ್ರೀ, ಇದೆಲ್ಲ ಮಕ್ಕಳಿಗೂ ಗೊತ್ತು. ಆದರೆ ಅವರು ಮತ್ತು ಅವರ ಗಂಡ ಮೊದಲ ವರ್ಷ ನೆಟ್ಟದ್ದು 10 ಸಸಿ ಮಾತ್ರ, ಮರುವರ್ಷ 15. ಕೊಡದಲ್ಲಿ ನೀರು ಹೊತ್ತು ಎಷ್ಟು ಉಳಿಸಿಕೊಳ್ಳಬಹುದೋ ಅಷ್ಟೇ ನೆಟ್ಟರು. ನಾನು ಇದನ್ನು ಮಕ್ಕಳಿಗೆ ಹೇಳಿದೆ, ನಾನೇ ಪಾಲಿಸಲಿಲ್ಲ. ನಿಮ್ಮ ಶಾಲೆಯಲ್ಲಿ ಎಷ್ಟು ಸಸಿಗೆ ಮೇ ತಿಂಗಳಲ್ಲಿ ನೀರು ಕೊಡಬಲ್ಲಿರಿ ಅಂತ ಮೊದಲು ಲೆಕ್ಕ ಹಾಕಿ. ಅಷ್ಟೇ ತನ್ನಿ.

ಸೆಪ್ಟೆಂಬರ್‌ನಲ್ಲಿ ಮಳೆ ಹಿಡಿಯಿತು. ನಮಗೆ ಬಹಳ ಖುಷಿ. ಹತ್ತು ದಿನದಲ್ಲಿ ಐದು ಸಸಿಯ ಎಲೆ ಹಳದಿಯಾಗಿ ಜೋತುಬಿದ್ದವು. ನೀರು ಕಡಿಮೆಯಾಗಿದೆ ಅಂತ ಮಕ್ಕಳು ಇನ್ನಷ್ಟು ನೀರು ಹಾಕಿದರು! ಒಂದನ್ನು ಕಿತ್ತು ನೋಡಿದೆ. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಎರೆ ಮಣ್ಣಿನಲ್ಲಿ ಎರಡು ಅಡಿ ಗುಂಡಿ ತೋಡಿದರೆ ಅದು ಬಟ್ಟಲಿದ್ದ ಹಾಗೆ. ನೀರು ಕೆಳಗೆ ಇಳಿಯುವುದಿಲ್ಲ, ಬದಿಗೂ ಹೋಗುವುದಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು. ಅದು ಸಿಗಲಿಲ್ಲ. ನೀರಿನಲ್ಲಿ ಮುಳುಗಿ ಸತ್ತವು ಅಂತ ಮಕ್ಕಳಿಗೆ ಹೇಳಿದಾಗ ಯಾರೂ ಮಾತಾಡಲಿಲ್ಲ.

ಗಿಡ ಉಸಿರಾಡುತ್ತದೆ ಅನ್ನುವುದು ಆ ದಿನ ಅವರಿಗೆ ಹೊಳೆಯಿತು. ಗಿಡ ಹಗಲು ಆಕ್ಸಿಜನ್ ಕೊಡುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ ಅಂತ ಬಹಳ ಮಂದಿ ಹೇಳಿಕೊಡುತ್ತಾರೆ. ಅದು ತಪ್ಪು. ನಮ್ಮ ಹಾಗೆ ಗಿಡವೂ ಹಗಲು ರಾತ್ರಿ ಉಸಿರಾಡುತ್ತದೆ, ಬೇರು ಕೂಡ. ಬಿಸಿಲಿದ್ದಾಗ ಅಡುಗೆ ಕೆಲಸವೇ ಹೆಚ್ಚು ನಡೆಯುವುದರಿಂದ ತಾನು ಬಳಸಿದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಹೊರಗೆ ಬಿಡುತ್ತದೆ. ಮಕ್ಕಳಿಗೆ ಹೀಗೆ ಹೇಳಿದರೆ ಚೆನ್ನಾಗಿ ತಿಳಿಯುತ್ತದೆ.

ಉಳಿದ ಸಸಿಗಳಿಗೆ ಒಂದು ಟ್ರ್ಯಾಕ್ಟರ್ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತರಿಸಿ, ಮಣ್ಣಿಗೆ ಬೆರೆಸಿ ಬುಡ ಏರಿಸಿದೆವು. ನೀರು ಹರಿದುಹೋಗಲು ಸಣ್ಣ ಕಾಲುವೆ ತೆಗೆದೆವು. ನಿಮ್ಮದೂ ಎರೆ ಭೂಮಿಯಾದರೆ ಇದನ್ನು ನೆಡುವಾಗಲೇ ಮಾಡಿ.

ದಸರಾ ರಜೆಯಲ್ಲಿ ಆಡು ಬಂದವು. ಬೇಲಿಯ ಜಾಲಿಮುಳ್ಳು ಒಂದು ಕಡೆ ಸರಿದಿತ್ತು. ಮೂರು ಸಸಿ ಹೋದವು. ರಜೆ ಮುಗಿದು ಬಂದ ಮಕ್ಕಳು ಬನ್ನಿ ಎಲೆ ಹಿಡಿದು "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಕ್ಕೋರ" ಅಂತ ಕೈಗೆ ಕೊಟ್ಟರು. ಬನ್ನಿ ಗಿಡದ ಬೇರು ಬಹಳ ಆಳಕ್ಕೆ ಹೋಗುತ್ತದೆ. ಅದಕ್ಕೇ ಕಡುಬೇಸಿಗೆಯಲ್ಲೂ ಹಸಿರು. ಬರಗಾಲದಲ್ಲಿ ದನಕರುಗಳಿಗೆ ಮೇವು. ಹಿರಿಯರು ಅದನ್ನು ಯಾಕೆ ಪೂಜೆ ಮಾಡಿಕೊಂಡು ಬಂದರು ಅಂತ ಆ ದಿನ ಪಾಠದ ಬದಲು ಅದನ್ನೇ ಮಾತಾಡಿದೆವು.

ಈಗ ನನ್ನ ತಪ್ಪಿನ ಬಗ್ಗೆ. ನವೆಂಬರ್‌ನಲ್ಲಿ ತೊಗಟೆಯ ಪಾಠ ಮಾಡಿದೆ. ನೀರು ಕಟ್ಟಿಗೆಯ ಒಳಗಿನಿಂದ ಮೇಲೆ ಹೋಗುತ್ತದೆ, ಎಲೆ ಮಾಡಿದ ಊಟ ತೊಗಟೆಯ ಒಳಪದರದಲ್ಲಿ ಕೆಳಗೆ ಇಳಿಯುತ್ತದೆ. ಸುತ್ತಲೂ ತೊಗಟೆ ತೆಗೆದರೆ ಬೇರಿಗೆ ಊಟ ಇಲ್ಲದೆ ಗಿಡ ಸಾಯುತ್ತದೆ ಅಂದೆ. ಮರುದಿನ ಬಂದು ನೋಡಿದರೆ ಒಂದು ಹುಲಗಲ ಸಸಿಯ ತೊಗಟೆ ಎರಡು ಬೆರಳಗಲ ಸುತ್ತಲೂ ಸುಲಿದಿತ್ತು. ಹುಲಗಲ ಅಂದರೆ ಹೊಂಗೆ. ಆರನೇ ತರಗತಿಯ ಒಬ್ಬ ಹುಡುಗ ನಾನೇ ಮಾಡಿದ್ದು ಅಂದ. ನಾನು ಎಲ್ಲರ ಮುಂದೆ ಅವನನ್ನು ಬಹಳ ಬೈದೆ. ಅವನು ಅಳುತ್ತ ಹೋದವನು ಎರಡು ದಿನ ಶಾಲೆಗೆ ಬರಲಿಲ್ಲ.

ಮೂರನೇ ದಿನ ಅವನ ಮನೆಗೆ ಹೋದೆ. ಅವನ ಮುತ್ಯಾ, ಅಂದರೆ ಅಜ್ಜ, ಕಟ್ಟೆ ಮೇಲೆ ಕೂತಿದ್ದರು. ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಕ್ಕೋರ, ದಾಳಿಂಬರಿ ಗೂಟಿ ಕಟ್ಟೂದು ನೋಡೀರೇನು? ನಾವೂ ಹಂಗ ತೊಗಟಿ ತಗೀತೀವ್ರಿ. ಮ್ಯಾಲಿನ ಅನ್ನ ಕೆಳಗ ಇಳಿಯಂಗಿಲ್ಲ, ಅಲ್ಲೇ ನಿಂದರತೈತಿ. ಅದಕ್ಕ ಅಲ್ಲೇ ಬೇರು ಬಿಡತೈತಿ. ಈ ಹುಡುಗ ನನ್ನ ಕೂಡ ಕೂತು ನೋಡ್ಯಾನ. ನೀವು ಹೇಳಿದ್ದು ಖರೇ ಏನು ಅಂತ ನೋಡಾಕ ಹೋಗ್ಯಾನ."

ಗೂಟಿ ಕಟ್ಟುವುದು ಅಂದರೆ ಗಿಡದ ಮೇಲಿರುವ ಟೊಂಗೆಗೇ ಬೇರು ಬರಿಸಿ ಹೊಸ ಸಸಿ ಮಾಡುವುದು. ನನಗೆ ಮಾತು ಹೊರಡಲಿಲ್ಲ. ವಿಜ್ಞಾನ ಅಂದರೆ ಪರೀಕ್ಷಿಸಿ ನೋಡುವುದು ಅಂತ ದಿನಾ ಹೇಳುವವಳು ನಾನು. ಮುತ್ಯಾನ ಮುಂದೆಯೇ ಆ ಹುಡುಗನ ಕೈ ಹಿಡಿದು ತಪ್ಪಾಯಿತು ಅಂದೆ. ಮಾರನೆಯ ವಾರ ಮುತ್ಯಾ ಶಾಲೆಗೆ ಬಂದು, ಪಾಚಿ ಮತ್ತು ಪ್ಲಾಸ್ಟಿಕ್ ಹಾಳೆ ತಂದು, ಗೂಟಿ ಹೇಗೆ ಕಟ್ಟುತ್ತಾರೆ ಅಂತ ಎಲ್ಲ ಮಕ್ಕಳಿಗೂ ತೋರಿಸಿದರು. ನನ್ನ ಪಾಠಕ್ಕಿಂತ ಅದು ಹತ್ತು ಪಟ್ಟು ಚೆನ್ನಾಗಿತ್ತು.

ಸುಲಿದ ಹುಲಗಲವನ್ನು ನಾವು ಕಿತ್ತು ಹಾಕಲಿಲ್ಲ. ವಾರಕ್ಕೊಮ್ಮೆ ನೋಡಿ ಬರೆದಿಟ್ಟೆವು. ಎಲೆ ಹಸಿರಾಗೇ ಇತ್ತು, ಯಾಕೆಂದರೆ ನೀರು ಮೇಲೆ ಹೋಗುತ್ತಲೇ ಇತ್ತು. ಜನವರಿಗೆ ಸುಲಿದ ಜಾಗದ ಮೇಲ್ಭಾಗ ಊದಿಕೊಂಡಿತು. ಮಾರ್ಚ್‌ಗೆ ಮೇಲಿನದೆಲ್ಲ ಒಣಗಿತು. ಏಪ್ರಿಲ್‌ನಲ್ಲಿ ಸುಲಿದ ಜಾಗದ ಕೆಳಗಿನಿಂದ ಎರಡು ಹೊಸ ಚಿಗುರು ಬಂದವು. 27ರಲ್ಲಿ ಅದೂ ಒಂದು.

ಫೆಬ್ರವರಿ, ಮಾರ್ಚ್‌ನಲ್ಲಿ ಇನ್ನೊಂದು ಗಾಬರಿ. ಬೇವು ಎಲೆ ಉದುರಿಸಿತು. ದೊಡ್ಡ ಗಿಡ ಉದುರಿಸಿದರೆ ಯಾರಿಗೂ ಭಯವಿಲ್ಲ, ತಮ್ಮ ಸಸಿ ಉದುರಿಸಿದಾಗ ಮಕ್ಕಳು ಸತ್ತೇ ಹೋಯಿತು ಅಂತ ಅತ್ತರು. ಉಗುರಿನಿಂದ ಟೊಂಗೆಯನ್ನು ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಎಲೆಯಿಂದ ನೀರು ಹೋಗುತ್ತದೆ ಅನ್ನುವುದು ಚೀಲದ ಪ್ರಯೋಗದಿಂದ ಅವರಿಗೆ ಗೊತ್ತಿತ್ತಲ್ಲ, ನೀರಿಲ್ಲದ ಕಾಲಕ್ಕೆ ಎಲೆ ಯಾಕೆ ಬಿಡುತ್ತದೆ ಅಂತ ಅವರೇ ಹೇಳಿದರು. ಯುಗಾದಿ ಹೊತ್ತಿಗೆ ಕೆಂಪು ಚಿಗುರು ಬಂದಾಗ ಶಾಲೆಯಲ್ಲಿ ಬೇವು ಬೆಲ್ಲ ಹಂಚಿದೆವು.

ಅದೇ ಮಾರ್ಚ್‌ನ ಒಂದು ಮಧ್ಯಾಹ್ನ, ಪ್ರಯೋಗಾಲಯದ ಥರ್ಮಾಮೀಟರನ್ನು ಬಯಲಿನ ಮಣ್ಣಿನ ಮೇಲೆ ಇಟ್ಟೆವು. 52 ಡಿಗ್ರಿ ತೋರಿಸಿತು. ಹಳೆ ಬೇವಿನ ಬುಡದಲ್ಲಿ 34. ಬರಿಗಾಲಲ್ಲಿ ಶಾಲೆಗೆ ಬರುವ ಮಕ್ಕಳಿಗೆ ಆ ಎರಡು ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಏಪ್ರಿಲ್, ಮೇ. ಗಿಡಕ್ಕೆ ನೀರು ಬೇಕಾದ ಹೊತ್ತಿಗೇ ಶಾಲೆಗೆ ರಜೆ. ಇದನ್ನು ಜನವರಿಯಲ್ಲೇ ಯೋಚಿಸಿ. ನಾವು ಕುಂಬಾರರ ಹತ್ತಿರ ಸ್ವಲ್ಪ ಸೊಟ್ಟಾದ 40 ಗಡಗಿ ತಂದಿದ್ದೆವು, ಒಂದಕ್ಕೆ 25 ರೂಪಾಯಿ. ಸಸಿಯಿಂದ ಒಂದು ಅಡಿ ದೂರಕ್ಕೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಕಲ್ಲು ಮುಚ್ಚಬೇಕು. ನೀರು ಗೋಡೆಯಿಂದ ಜಿನುಗಿ ಸೀದಾ ಬೇರಿಗೆ ಹೋಗುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಬಣ್ಣ ಬಳಿದ ಗಡಗಿ ಬೇಡ, ಜಿನುಗುವುದಿಲ್ಲ. ಎರೆ ಭೂಮಿ ಬಿರಿದಾಗ ಆ ಬಿರುಕಿನಲ್ಲಿ ಬೇರು ಹರಿದು ತುಂಡಾಗುತ್ತದೆ, ಒಳಗಿನ ತೇವವೂ ಆರುತ್ತದೆ. ಮೇಲಿನ ಮಣ್ಣು ಕೆದರಿ ಬಿರುಕು ಮುಚ್ಚಿ, ಒಣಹುಲ್ಲು ಹರಡಿ.

ಶಾಲೆ ಹತ್ತಿರ ಮನೆ ಇರುವ 14 ಮಕ್ಕಳು ಪಾಳಿ ಹಾಕಿಕೊಂಡರು. ಮುಂಜಾನೆ ಏಳರ ಒಳಗೆ ಬಂದು ಮುಗಿಸುತ್ತಿದ್ದರು. ಮೇ ಎರಡನೇ ವಾರ ಬೋರ್‌ವೆಲ್ ಮೋಟಾರು ಸುಟ್ಟಿತು. ರಿಪೇರಿಗೆ ಒಂಬತ್ತು ದಿನ. ಆಗ ಐದು ಸಸಿ ಹೋದವು, ಅದರಲ್ಲಿ ನಾಲ್ಕು ನೇರಳೆ. ಬೇವು, ಹುಣಸೆ, ಬಾರಿ (ಬೋರೆ) ಒಂದೂ ಹೋಗಲಿಲ್ಲ. ದಾನ ಕೊಟ್ಟವರ ಹೆಸರಿನಲ್ಲಿ ನೆಟ್ಟ ಅರಳಿಯೂ ಉಳಿಯಿತು. ಬರದ ವರ್ಷಗಳಲ್ಲಿ ಟ್ಯಾಂಕರ್ ತರಿಸಿ ಲಿಂಬೆ ತೋಟ ಉಳಿಸಿಕೊಂಡ ಮಂದಿ ನಮ್ಮೂರವರು. ಅವರೇ ಮುಂದೆ ನಿಂತು ಟ್ಯಾಂಕರ್ ಕಳಿಸಿದರು.

ಖರ್ಚು: ಸಸಿ ತರಲು ಟ್ರ್ಯಾಕ್ಟರ್ ಬಾಡಿಗೆ 1,500, ಗರಸು 1,200, ಗಡಗಿ 1,000, ಆರು ಟ್ಯಾಂಕರ್ ನೀರು 4,200, ಹಗ್ಗ ಮತ್ತು ಇತರೆ 400. ಒಟ್ಟು 8,300 ರೂಪಾಯಿ. ಇದರಲ್ಲಿ 3,000 ಎಸ್‌ಡಿಎಂಸಿ ಕೊಟ್ಟಿತು, 3,000 ಪಾಲಕರು, ಉಳಿದದ್ದು ನಾವು ಶಿಕ್ಷಕರು. ಗುಂಡಿ ತೋಡಿದವರು ಪಾಲಕರೇ, ಕೂಲಿ ತಗೊಳ್ಳಲಿಲ್ಲ. ಅರ್ಧಕ್ಕಿಂತ ಜಾಸ್ತಿ ದುಡ್ಡು ನೀರಿಗೆ ಹೋಯಿತು ಅನ್ನುವುದನ್ನು ನೋಡಿ. ದಿನಾ ಬಿಸಿಯೂಟದ ತಟ್ಟೆ, ಕೈ ತೊಳೆಯುವ ನೀರು ಚರಂಡಿಗೆ ಹೋಗುತ್ತಿತ್ತು. ಅದನ್ನು ಸಸಿಗಳ ಕಡೆ ತಿರುಗಿಸಲು ಪೈಪ್ ಹಾಕಿಸುವ ಯೋಚನೆ ನನಗೆ ಬಂದದ್ದು ಮಾರ್ಚ್‌ನಲ್ಲಿ. ಈ ವರ್ಷ ಮೊದಲು ಅದನ್ನೇ ಮಾಡುತ್ತಿದ್ದೇವೆ.

ಈ ಸಲ ಬರೀ 10 ಸಸಿ ಕೇಳಿದ್ದೇವೆ. ಫೈಲು ಸಿದ್ಧ ಇದೆ.

ಏಳನೇ ತರಗತಿ ಮುಗಿಸಿದವರು ಈಗ ಪಕ್ಕದ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ಮೊನ್ನೆ ಎಣಿಕೆ ದಿನ ಅವರನ್ನೂ ಕರೆಸಿದ್ದೆ. ಒಬ್ಬೊಬ್ಬರೂ ತಮ್ಮ ಗಿಡವನ್ನು ನಾಲ್ಕನೇ ತರಗತಿಯ ಒಬ್ಬೊಬ್ಬರಿಗೆ ಒಪ್ಪಿಸಿದರು. ಒಬ್ಬ ಹುಡುಗಿ ತನ್ನ ಹುಣಸೆಯ ಬುಡದಲ್ಲಿ ಕೂತು, ಆ ಚಿಕ್ಕವನ ಕೈಗೆ ಚಪ್ಪಟೆ ಕಲ್ಲು ಕೊಟ್ಟು ಹೇಳುತ್ತಿದ್ದಳು: "ನೀರು ಹಾಕಿದ ಮ್ಯಾಲ ಗಡಗಿ ಬಾಯಿ ಮುಚ್ಚೂದು ಮರೀಬ್ಯಾಡ. ನಾ ಐತವಾರ ಬಂದು ನೋಡ್ತೀನಿ."